ಇಪ್ಪತ್ತನಾಲ್ಕು ಬತ್ತಿ

9-1-1984

ಒಂಬತ್ತರ ಬಸ್ಸಿಗೆ ಹರಿಹರ ಬಂದ. ಬಾಳಗಡಿಯಲ್ಲಿ ಇಳಿಯುವಾಗ ಕಂಡಕ್ಟರ್ ಕೈ ಹಿಡಿಯಲು ಬಂದನಂತೆ. ಇವನು ಬೈದನಂತೆ. ದಿನಾ ಇದೇ ಕಥೆ. ಲಕ್ವ ಹೊಡೆದು ಒಂದು ವರ್ಷ ಎರಡು ತಿಂಗಳು. ಬಲಗೈ ಜೋತುಬಿದ್ದದ್ದು ಹಾಗೇ ಇದೆ. ಎಡಗೈಯಲ್ಲಿ ನಕ್ಷೆ ಬರೆಯಲು ಕಲಿತಿದ್ದಾನೆ — ಗೆರೆ ಈಗಲೂ ನನಗಿಂತ ನೆಟ್ಟಗೆ. ಹದಿನಾರು ವರ್ಷದಿಂದ ಒಂದೇ ವರ್ಕ್‌ಶಾಪ್. ವೆಲ್ಡಿಂಗ್ ನನ್ನದು. ಅಳತೆ, ನಕ್ಷೆ, ತಲೆ ಅವನದು.

ಇವತ್ತಿಡೀ ಪಂಪ್‌ಸೆಟ್ ಮೋಟಾರು ಇಡುವ ಕಬ್ಬಿಣದ ಪೆಟ್ಟಿಗೆಯದೇ ಮಾತು. ನೆಮ್ಮಾರು, ಸಿರಿಮನೆ ಕಡೆ ಮೋಟಾರೆಲ್ಲ ಹಳ್ಳದ ದಂಡೆಯಲ್ಲಿ. ಗಾಡಿ ಇಳಿಯುವುದಿಲ್ಲ. ಇಡೀ ಪೆಟ್ಟಿಗೆ ವೆಲ್ಡ್ ಮಾಡಿ ಕೊಟ್ಟರೆ ಹೊರಲು ನಾಲ್ಕು ಆಳು. ಬಿಡಿಬಿಡಿಯಾಗಿ ಒಯ್ದು ಅಲ್ಲೇ ಜೋಡಿಸುವ ಫ್ರೇಮ್ ಬೇಕು. ಮಾಡಿ ತೋರಿಸಿ, ಹಿಡಿಸಿದರೆ ಅರವತ್ತು ತಗೊಳ್ತೇವೆ ಎಂದಿದ್ದಾರೆ ಕೊಪ್ಪದ ತೋಟಗಾರರ ಸಂಘದವರು.

"ಒಂದೇ ಕೈಯಲ್ಲಿ ಜೋಡಿಸೋ ಹಂಗಿರ್ಬೇಕು ಮಾರಾಯ," ಅಂದ ಹರಿಹರ. "ಇನ್ನೊಂದು ಕೈ ಕೊಡೆ ಹಿಡಿಯಕ್ಕೆ ಬೇಕಲ."

ನಕ್ಕೆ. ಆಮೇಲೆ ಅವನ ಬಲಗೈ ನೋಡಿ ಸುಮ್ಮನಾದೆ. ಅವನು ಇನ್ನೂ ನಗುತ್ತಲೇ ಇದ್ದ.

12-1

ದಾರಿ ಸಿಕ್ಕಿತು. ಅವನಿಗೇ ಸಿಕ್ಕಿತು ಅನ್ನಬೇಕು.

ಎಂಟು ಮೂಲೆ, ಎಂಟೂ ಒಂದೇ ನಮೂನೆ. ಯಾವುದನ್ನು ಎಲ್ಲಿ ಇಟ್ಟರೂ ಸರಿ. ಹನ್ನೆರಡು ಕಬ್ಬಿಣದ ಆಂಗಲ್ ಪಟ್ಟಿ. ಒಂದೊಂದರ ತುದಿಗೂ ಕೊಕ್ಕೆ — ಮೂಲೆಗೆ ಸಿಕ್ಕಿಸಿದರೆ ಯಾರೂ ಹಿಡಿಯದೆ ನಿಲ್ಲುತ್ತದೆ. ನಟ್ಟು ಮೂಲೆಗೇ ವೆಲ್ಡ್. ಹಿಂದಿನಿಂದ ಹಿಡಿಯುವ ತಾಪತ್ರಯವೇ ಇಲ್ಲ. ಬೋಲ್ಟು ಬೆರಳಲ್ಲಿ ತಿರುಗಿಸಿ, ಕೊನೆಗೆ ಸ್ಪ್ಯಾನರ್. ಒಟ್ಟು ಇಪ್ಪತ್ತನಾಲ್ಕು ಬೋಲ್ಟು.

ಇಷ್ಟು ಸುಲಭದ್ದು ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ ಅಂತ ಕೇಳಿದೆ. "ಎರಡು ಕೈ ಇತ್ತಲ್ಲ, ಅದ್ಕೆ," ಅಂದ.

21-1

ಸಿರಿಮನೆ. ಮೊದಲ ಫ್ರೇಮ್, ಇನ್ನೂ ಬಣ್ಣ ಇಲ್ಲದ್ದು. ತೋಟದ ಆಳು ಚೋಮ ಒಬ್ಬನೇ ಎರಡು ಸಲಕ್ಕೆ ಹೊತ್ತು ಇಳಿಸಿದ. ನಾನು ಕೈ ಕಟ್ಟಿ ನಿಲ್ಲಬೇಕು ಅಂತ ಕರಾರು. ಹರಿಹರ ಕಲ್ಲಿನ ಮೇಲೆ ಕೂತ, ಎಡಗೈ ಒಂದರಲ್ಲೇ ಶುರು ಮಾಡಿದ. ಇಪ್ಪತ್ತೆರಡು ನಿಮಿಷ! ಚೋಮ ಪೆಟ್ಟಿಗೆಗೊಂದು ಒದೆ ಕೊಟ್ಟು ನೋಡಿದ. ಅಲ್ಲಾಡಲಿಲ್ಲ.

ಮೇಲೆ ಹತ್ತುವಾಗ ಹರಿಹರನಿಗೆ ಏದುಸಿರು, ಆದರೂ ಮಾತು ನಿಲ್ಲಲಿಲ್ಲ. ಲಕ್ವ ಹೊಡೆದ ಮೇಲೆ ಅವನನ್ನು ಇಷ್ಟು ಖುಷಿಯಲ್ಲಿ ನೋಡಿರಲಿಲ್ಲ. ಈ ಫ್ರೇಮ್ ತನಗಿರಲಿ ಅಂತ ಮನೆಗೆ ಒಯ್ದ. ಬಸ್ಸಿನ ಟಾಪಿಗೆ ಹಾಕಿಸಿ ಎನ್.ಆರ್. ಪುರಕ್ಕೆ. ಸಂಘಕ್ಕೆ ಬೇರೆ ಮಾಡಿ ಬಣ್ಣ ಹೊಡೆಯಬೇಕು.

2-2

ಹರಿಹರ ಡಬ್ಬಿ ತಂದ. ಬಣ್ಣ ಹೊಡೆಯುವ ಮುಂಚೆ ನಟ್ಟಿನ ಬಾಯಿ ಮುಚ್ಚಬೇಕಲ್ಲ, ಇಲ್ಲದಿದ್ದರೆ ಥ್ರೆಡ್ಡಿಗೆ ಬಣ್ಣ ಕೂತು ಬೋಲ್ಟು ಹಿಡಿಯುವುದಿಲ್ಲ. ಅದಕ್ಕೆ ಅವನ ಹೆಂಡತಿ ವೆಂಕಮ್ಮ ಹೊಸೆದ ಹತ್ತಿ ಬತ್ತಿ. ಗ್ರೀಸ್ ಹಚ್ಚಿ ತುರುಕಿದರೆ ಆಯಿತು. "ದೇವ್ರಿಗೆ ಐದು ಬತ್ತಿ, ನಿಮ್ಮ ಪೆಟ್ಟಿಗೆಗೆ ಇಪ್ಪತ್ತನಾಲ್ಕಾ!" ಅಂದರಂತೆ ಅತ್ತಿಗೆ.

ನಾಳೆಯಿಂದ ಹರಿಹರ ಶಿವಮೊಗ್ಗಕ್ಕೆ, ಡಾಕ್ಟರಿಗೆ ತೋರಿಸಲು. ಮಂಗಳವಾರ ನೇರ ಸಂಘಕ್ಕೇ ಬರುತ್ತಾನೆ. ಜೋಡಿಸಿ ತೋರಿಸುವುದು ಅವನೇ. ಅದು ಅವನ ಹಟ. ನನ್ನದೂ.

5-2, ಭಾನುವಾರ

ಫ್ರೇಮ್ ಮುಗೀತು. ಅವನು ಬಂದು ನೋಡಿದಾಗ ಬೆರಗಾಗಬೇಕು ಅಂತ ಇವತ್ತೇ ಬಣ್ಣ. ಗಿಳಿಹಸಿರು. ಒಂದು ಕೋಟ್ ಸಾಲದು ಅನ್ನಿಸಿತು, ಎರಡು ಕೊಟ್ಟೆ. ದಪ್ಪಗೆ. ಹೆಂಡತಿ ಜಹೀರಾ ಚಾ ತಂದವಳು ಸುತ್ತಿ ಸುತ್ತಿ ನೋಡಿ, "ನಿಕಾಹಿಗೆ ಹೊರಟ ಮದುಮಗನ ಹಾಗೆ ಮಾಡಿದ್ದೀರಲ್ರೀ," ಅಂದಳು.

ನಿಜ. ಇಷ್ಟು ಚಂದದ ಮಾಲು ಈ ಶೆಡ್ಡಿನಿಂದ ಹೋಗಿಲ್ಲ.

7-2, ಮಧ್ಯಾಹ್ನ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಸುಳ್ಳಾಗುತ್ತದೆ.

ಸಂಘದ ಅಂಗಳದಲ್ಲಿ ಮೂವತ್ತು ಜನ. ಹರಿಹರ ಇಸ್ತ್ರಿ ಅಂಗಿ ಹಾಕಿ ಬಂದಿದ್ದ. ಬಣ್ಣ ನೋಡಿ ನನ್ನ ಬೆನ್ನಿಗೆ ಗುದ್ದಿದ. ಕೂತ. ಕೊಕ್ಕೆ ಸಿಕ್ಕಿಸಿದ. ಬೋಲ್ಟು ಇಟ್ಟು ತಿರುಗಿಸಿದ — ಹಿಡಿಯಲಿಲ್ಲ. ಮತ್ತೆ ಇಟ್ಟ. ಮತ್ತೆ. ಬೇರೆ ಮೂಲೆ ನೋಡಿದ. ಅದೂ ಇಲ್ಲ. ಬೋಲ್ಟು ಜಾರಿ ಬಿತ್ತು, ಉರುಳಿ ಸೆಕ್ರೆಟರಿ ಶಿವಶಂಕರಪ್ಪನವರ ಕುರ್ಚಿಯಡಿಗೆ ಹೋಯಿತು. ಹರಿಹರ ಮಂಡಿಯೂರಿ ತೆಗೆದ. ಹಣೆಯಲ್ಲಿ ಬೆವರು.

"ಬಿಡಿ ಹರಿಹರಯ್ಯ, ಆಯಾಸ ಮಾಡ್ಕೋಬೇಡಿ," ಅಂದರು ಶಿವಶಂಕರಪ್ಪ. ಗೋಡೌನಿನ ನಾಗಪ್ಪನನ್ನು ಕರೆದರು. ನಾಗಪ್ಪ ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದರಲ್ಲಿ ಸ್ಪ್ಯಾನರ್ ಹಾಕಿ ಬಲವಾಗಿ ತಿರುಗಿಸಿದ. ಹೋಯಿತು. ಇಪ್ಪತ್ತನಾಲ್ಕೂ ಹೋಯಿತು. "ಎರಡು ಕೈ ಬೇಕು, ಅಷ್ಟೆ," ಅಂದ ಯಾರೋ. ಎಲ್ಲ ತಲೆಯಾಡಿಸಿದರು.

ನಾನು ಹತ್ತಿರದಲ್ಲೇ ಇದ್ದೆ. ನಟ್ಟಿನ ಬಾಯಿಂದ ಹಸಿರು ಸಿಪ್ಪೆ ಸುರುಳಿಯಾಗಿ ಬರುವುದು ಕಂಡಿತು. ಬಣ್ಣ. ನನ್ನ ಬಣ್ಣ. ಹೇಳಲು ಬಾಯಿ ತೆರೆದೆ. ಆಗಲೇ ಸೆಕ್ರೆಟರಿ, "ಮಾಲು ಗಟ್ಟಿ ಇದೆ ಸತ್ತಾರ್ ಸಾಬ್ರೇ, ನಮಗೆ ಒಪ್ಪಿಗೆ," ಅಂದರು. ಬಾಯಿ ಮುಚ್ಚಿದೆ.

ಬಸ್‌ಸ್ಟ್ಯಾಂಡಿನಲ್ಲಿ ಹರಿಹರ ಎಡಗೈಯನ್ನೇ ನೋಡುತ್ತಿದ್ದ. "ಬೋಲ್ಟು ಬೆರಳಿಗೆ ಗೊತ್ತೇ ಆಗ್ಲಿಲ್ಲ ಮಾರಾಯ. ಇದೂ ಹೊರಟ ಹಂಗೆ ಕಾಣ್ತದೆ."

"ಜನರ ಎದುರು ಟೆನ್ಶನ್, ಮತ್ತೇನಿಲ್ಲ," ಅಂದೆ.

ಬಸ್ಸು ಬಂತು. ಕಂಡಕ್ಟರ್ ಕೈ ಹಿಡಿದ. ಹರಿಹರ ಬೈಯಲಿಲ್ಲ, ಹಿಡಿದುಕೊಂಡೇ ಹತ್ತಿದ.

ಅದೇ ದಿನ, ಸಂಜೆ

ಡಬ್ಬಿ ಕಪಾಟಿನ ಮೇಲೇ ಇದೆ. ಎಣಿಸಿದೆ. ಇಪ್ಪತ್ತನಾಲ್ಕೂ ಇವೆ.

8-2

ಒಂಬತ್ತರ ಬಸ್ಸು ಬಂತು. ಅವನಿಲ್ಲ.

9-2

ಇಲ್ಲ.

14-2

ಕಂಡಕ್ಟರ್ ಕೈಯಲ್ಲಿ ಚೀಟಿ. ಎಡಗೈಯ ಅಕ್ಷರ. "ಸತ್ತಾರ್, ಇನ್ನು ನೀನೇ ನಡೆಸು. ನನ್ನ ಕೈಯಿಂದ ಕೆಲಸ ಕೆಡುವುದು ಬೇಡ. ನಕ್ಷೆ ಎಲ್ಲ ಎರಡನೇ ಡ್ರಾಯರಿನಲ್ಲಿದೆ."

ಚೀಟಿ ಹಿಡಿದು ಶೆಡ್ಡಿನ ಹಿಂದೆ ಹೋಗಿ ಅತ್ತೆ. ಐವತ್ತು ದಾಟಿದವನು ಮಗುವಿನ ಹಾಗೆ. ಅತ್ತವನಿಗೆ ಬಸ್ಸು ಹತ್ತಿ ಹೋಗಿ ಎರಡು ಮಾತು ಹೇಳಲು ಏನು ಕಷ್ಟ? ಗೊತ್ತಿಲ್ಲ. ಅಲ್ಲ, ಗೊತ್ತು. ಸಂಘದ ಕಾಗದ ಇನ್ನೂ ಬಂದಿಲ್ಲ. ಮಾಲಿನಲ್ಲಿ ತಪ್ಪಿತ್ತು ಅಂತ ಸುದ್ದಿಯಾದರೆ...

1-3

ಆರ್ಡರ್ ಬಂತು. ಅರವತ್ತು. ಯಾರಿಗೂ ಸ್ವೀಟು ಹಂಚಲಿಲ್ಲ.

ಈಗ ಪ್ರತಿ ನಟ್ಟಿಗೂ ಬತ್ತಿ ತುರುಕಿಯೇ ಬಣ್ಣ ಹೊಡೆಯುತ್ತೇನೆ. ನಾನೇ ಹೊಸೆದದ್ದು, ಒರಟು. ಡಬ್ಬಿಯದನ್ನು ಮುಟ್ಟಿಲ್ಲ.

18-3, ಭಾನುವಾರ

ಹೇಳಿಯೇ ಬರುವುದು ಅಂತ ಎನ್.ಆರ್. ಪುರಕ್ಕೆ ಹೋದೆ. ಹರಿಹರ ಇಳಿದುಹೋಗಿದ್ದಾನೆ. ನನ್ನ ನೋಡಿ ಮುಖ ಅರಳಿತು. ಎಡಗೈ ಮುಚ್ಚಿ ತೆರೆದು ತೋರಿಸಿದ. "ಡಾಕ್ಟ್ರು ಈ ಕೈಗೆ ಏನೂ ಆಗಿಲ್ಲ ಅಂತಾರೆ. ಅವ್ರಿಗೆಂತ ಗೊತ್ತು? ನಂಗೊತ್ತು."

ಆಗ ಹೇಳಬೇಕಿತ್ತು. ಅದಕ್ಕಿಂತ ಒಳ್ಳೆಯ ಹೊತ್ತು ಯಾರು ತಂದು ಕೊಡುತ್ತಾರೆ? "ಅರವತ್ತು ಬಂತು" ಅಂದೆ. ಅವನು, "ಬಂತಲ್ಲ, ನಿನ್ನ ಕೈಗುಣ," ಅಂದ. ಅತ್ತಿಗೆ ಊಟಕ್ಕೆ ಎಬ್ಬಿಸಿದರು. ಉಂಡೆ. ಹೇಳದೆ ಬಂದೆ.

9-4

ಜಹೀರಾಗೆ ಹೇಳಿಬಿಟ್ಟೆ. ರೊಟ್ಟಿ ಲಟ್ಟಿಸುತ್ತಿದ್ದವಳು ನಿಲ್ಲಿಸಿದಳು.

"ಅಲ್ಲಾನ ದಯೆ, ಅವರಿಗೆ ಒಂದು ಕೈ ಉಳಿದಿತ್ತು. ಅದನ್ನ ನೀವು ಕಸ್ಕೊಂಡ್ರಿ," ಅಂದಳು. "ನಾಳೆನೇ ಹೋಗಿ ಹೇಳಿ."

ಹೋಗುತ್ತೇನೆ. ಇನ್ನು ಹನ್ನೊಂದು ಫ್ರೇಮ್ ಇದೆ. ತಿಂಗಳ ಕೊನೆಗೆ ಮಾಲು ಸಂಘಕ್ಕೆ ಮುಟ್ಟಲಿ. ಆಮೇಲೆ ಬತ್ತಿ ಡಬ್ಬಿ ಹಿಡಿದುಕೊಂಡೇ ಹೋಗುತ್ತೇನೆ. ಅವನು ಬೈಯಲಿ, ಹೊಡೆಯಲಿ. ಎಡಗೈಯಲ್ಲೇ ಹೊಡೆಯಲಿ.

26-4

ಹರಿಹರ ಹೋದ. ಬೆಳಿಗ್ಗೆ, ಮುಖ ತೊಳೆಯಲು ಎದ್ದವನು ಬಿದ್ದನಂತೆ. ಎರಡನೇ ಸಲ ಹೊಡೆದದ್ದು.

ಸ್ಮಶಾನದವರೆಗೆ ಹೋಗಿ ಬಂದೆ. ಡಬ್ಬಿ ಜೇಬಿನಲ್ಲಿತ್ತು.

13-5

ಹದಿನೇಳು ದಿನ ಬರೆದಿಲ್ಲ. ಏನು ಬರೆಯಲಿ.

ಇವತ್ತು ವೆಂಕಮ್ಮ ಅತ್ತಿಗೆ ಹೇಳಿ ಕಳಿಸಿದ್ದರು. ಫ್ರೇಮ್ ತಗೊಂಡು ಹೋಗಬೇಕಂತೆ, ನೋಡಲು ಆಗುವುದಿಲ್ಲವಂತೆ. ಹಿತ್ತಲಿಗೆ ಕರೆದುಕೊಂಡು ಹೋದರು. ಸಿರಿಮನೆಯದೇ ಫ್ರೇಮ್, ಬಣ್ಣ ಇಲ್ಲದ್ದು. ಪೂರ್ತಿ ಜೋಡಿಸಿ ನಿಲ್ಲಿಸಿದ್ದಾನೆ. ಆಂಗಲ್ಲಿಗೆಲ್ಲ ತುಕ್ಕು. ಬೋಲ್ಟುಗಳ ತಲೆ ಮಾತ್ರ ಫಳಫಳ ಹೊಳೆಯುತ್ತಿತ್ತು, ಅಷ್ಟು ತಿರುಗಿಸಿದ್ದಾನೆ.

"ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ," ಅಂದರು ಅತ್ತಿಗೆ. "ಇಪ್ಪತ್ನಾಲ್ಕೂ ಹಾಕೋದು, ಬಿಚ್ಚೋದು. ಹೋಗೋ ಹಿಂದಿನ ದಿನ ಸಂಜೆನೂ ಹಾಕಿದ್ರು. ನೀವು ಬಂದ ದಿನ ಇದನ್ನ ತೋರ್ಸಕ್ಕೆ ನಾಚಿಕೆ ಪಟ್ರು. ಮನೇಲಿ ಸಲೀಸಾಗಿ ಹೋಗ್ತದಲೇ ವೆಂಕು, ಅಲ್ಲಿ ಯಾಕೆ ಹೋಗ್ಲಿಲ್ಲ ಅಂತ ದಿನಾ ಕೇಳೋರು. ನಾನೆಂತ ಹೇಳ್ಲಿ? ನಂಗೆಂತ ಗೊತ್ತಾಗ್ತದೆ? ನೀವಾದ್ರೂ ಹೇಳಿ ಸತ್ತಾರಣ್ಣ. ಯಾಕೆ ಹೋಗ್ಲಿಲ್ಲ?"

ಹಿತ್ತಲ ಕಟ್ಟೆ ಮೇಲೆ ಕೂತೆ. ಡಬ್ಬಿ ತೆಗೆದು ಅವರ ಕೈಗಿಟ್ಟೆ. ಮುಚ್ಚಳ ತೆರೆದರು. ತಾವೇ ಹೊಸೆದ ಬತ್ತಿ, ಗುರುತು ಹತ್ತಿತು.

ಎಲ್ಲ ಹೇಳಿದೆ. ಬತ್ತಿ ಹಾಕದೆ ಬಣ್ಣ ಬಳಿದದ್ದು. ಥ್ರೆಡ್ಡಿನಲ್ಲಿ ಬಣ್ಣ ಕೂತದ್ದು. ಅಂಗಳದಲ್ಲೇ ನನಗೆ ಗೊತ್ತಾದದ್ದು. ಆರ್ಡರ್ ತಪ್ಪೀತು ಅಂತ ಸುಮ್ಮನಿದ್ದದ್ದು. ಆಮೇಲೆ ಬರೀ ಹೇಡಿತನ.

ಬೈಯುತ್ತಾರೆ ಅಂತ ತಲೆ ತಗ್ಗಿಸಿ ಕಾದೆ. ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಡಬ್ಬಿ ಹಿಡಿದುಕೊಂಡು ಎದ್ದು ಒಳಗೆ ಹೋದರು, ಬಿರಬಿರನೆ, ಯಾರಿಗೋ ಸುದ್ದಿ ಹೇಳುವವರ ಹಾಗೆ. ಬಾಗಿಲಿನಿಂದ ಕಂಡಿತು. ಗೋಡೆಯ ಮೇಲೆ ಅವನ ಫೋಟೋ, ಹಾರ ಇನ್ನೂ ಬಾಡಿಲ್ಲ. ಅದರ ಎದುರು ನಿಂತು ಅಂದರು —

"ಕೇಳ್ತಾ? ತಪ್ಪು ನಿಮ್ಮ ಕೈದಲ್ವಂತೆ."

ಮತ್ತೆ, ಜೋರಾಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ, "ನಿಮ್ಮ ಕೈ ಸರಿಯಾಗೇ ಇತ್ತಂತೆ!"

ನಾನು ಅಲ್ಲೇ ಕಟ್ಟೆ ಮೇಲೆ ಕೂತೇ ಇದ್ದೆ.