ಹವಳದ ಮೇಲೆ ಅರಿಸಿನ

೫-೫-೧೯೮೨, ಬುಧವಾರ. ರಾಮೇಶ್ವರದ ಛತ್ರ.

ಸಿಟ್ಟು ಇನ್ನೂ ಇಳಿದಿಲ್ಲ. ಅಜ್ಜಂಪುರದ ಶಾಲೆಯಲ್ಲಿ ಹರಿದ ಚಾರ್ಟ್ ತೋರಿಸಿಕೊಂಡು ಹನ್ನೊಂದು ವರ್ಷದಿಂದ ಹವಳದ ಪಾಠ ಮಾಡುತ್ತಿದ್ದೇನೆ. ಈ ಯಾತ್ರೆಗೆ ನಾನು ಹೊರಟಿದ್ದೇ ಅದನ್ನು ಕಣ್ಣಾರೆ ನೋಡಲು.

ಸಂಜೆ ದೋಣಿಯವನು ಹವಳದ ದಿಬ್ಬದ ಮೇಲೆ ದೋಣಿ ನಿಲ್ಲಿಸಿ, ತಳಕ್ಕೆ ಗಾಜು ಕೂರಿಸಿದ ಡಬ್ಬ ಕೊಟ್ಟ. ನೀರಿಗೆ ಒತ್ತಿ ಹಿಡಿದು ಇಣುಕಿದರೆ ಕೆಳಗಿನದೆಲ್ಲ ಕಾಣುತ್ತದಂತೆ. ಇದ್ದದ್ದು ಒಂದೇ ಡಬ್ಬ. ಮೊದಲು ನಮ್ಮ ಯಜಮಾನರ ಅಕ್ಕ ತೀರ್ಥಮ್ಮ, ಆಮೇಲೆ ಯಜಮಾನರು. ಮನೆಯ ಸೊಸೆ ನಾನು, ಕೊನೆಗೆ.

ನಾನು ಬಗ್ಗುವ ಹೊತ್ತಿಗೆ ತೀರ್ಥಮ್ಮ ಪೊಟ್ಟಣ ಬಿಚ್ಚಿ ಅರಿಸಿನ, ಕುಂಕುಮ ಅಷ್ಟನ್ನೂ ನೀರಿಗೆ ಸುರಿದರು. ದೋಣಿಯವನು ತಮಿಳಿನಲ್ಲಿ ಬೇಡ ಬೇಡ ಎಂದು ಕೂಗಿಕೊಂಡ.

"ಅಯ್ಯನಕೆರೆ ತುಂಬ್ದಾಗ ಬಾಗಿನ ಕೊಡಲ್ವೇನೇ? ಇಷ್ಟು ನೀರು ಕಂಡೂ ಸುಮ್ನೆ ಹೋಗ್ಲಾ?" ಅಂದರು.

ತುಂಬಿದ ಕೆರೆಗೆ ಬಾಗಿನ ಸರಿ. ಈ ಸಮುದ್ರ ಯಾವತ್ತು ಖಾಲಿ ಇತ್ತು? ಗಾಜಿನಲ್ಲಿ ನನಗೆ ಕಂಡದ್ದು ಬರೀ ಹಳದಿ. ತಿಳಿಯಾಗುವಷ್ಟರಲ್ಲಿ ಸೂರ್ಯ ಮುಳುಗಿದ. ಯಜಮಾನರು ನಕ್ಕರು: "ಹೋಗ್ಲಿ ಬಿಡೇ, ಸ್ಕೂಲಲ್ಲಿ ಚಾರ್ಟ್ ಐತಲ್ಲ."

ಊಟಕ್ಕೆ ಕೂತಾಗ ತೀರ್ಥಮ್ಮ ನಮ್ಮ ಬಸ್ಸಿನವರಿಗೆಲ್ಲ ವರ್ಣಿಸಿದ್ದೇ ವರ್ಣಿಸಿದ್ದು. ಹೂಕೋಸಿನಂಥ ಕಲ್ಲುಗಳಂತೆ, ಗಿಣಿ ಬಣ್ಣದ ಮೀನುಗಳಂತೆ. ನಡುವೆ ನನ್ನತ್ತ ತಿರುಗಿ, "ನೀನೂ ನೋಡ್ದೆ ಅಲ್ವೇನೇ?" ಎಂದು ಕೇಳಿದರು.

"ಹೂಂ, ಅಕ್ಕ," ಅಂದೆ.

ಅವರ ಮೇಲಿನ ಸಿಟ್ಟು ಊರು ಮುಟ್ಟುವಷ್ಟರಲ್ಲಿ ಇಳಿದೀತು. ಹೂಂ ಅಂದ ನನ್ನ ಮೇಲಿನದು ಇಳಿಯುವ ಹಾಗೆ ಕಾಣುತ್ತಿಲ್ಲ.