ನಿಂತ ಬೆಳಕು, ಮಲಗಿದ ಬೆಳಕು

ಹೋಮ್ ಐಲೆಂಡ್, ಕೊಕೊಸ್ ದ್ವೀಪಗಳು
9 ಫೆಬ್ರವರಿ 2025

ಪ್ರೀತಿಯ ನೂರ್ಮಾಳ ಅಮ್ಮನಿಗೆ,

ಸಲಾಂ. ಪರ್ತ್‌ನ ಬಿಸಿಲು, ಡಯಾಲಿಸಿಸ್ ಸೂಜಿ ಎರಡೂ ನಿನ್ನನ್ನು ಹೆಚ್ಚು ಕಾಡದಿರಲಿ. ಪತ್ರ ತಡವಾಯಿತು, ಬೈಯಬೇಡ. ಬರೆಯಲು ಕೂತಾಗಲೆಲ್ಲ ಏನೋ ನೆಪ ತೆಗೆದು ಎದ್ದುಬಿಡುತ್ತಿದ್ದೆ. ನಿನ್ನ ಕೋಳಿಗಳು ಚೆನ್ನಾಗಿವೆ. ಮೆಣಸಿನ ಗಿಡಕ್ಕೆ ಮಾತ್ರ ನನ್ನ ಕೈಗುಣ ಒಗ್ಗಿಲ್ಲ.

ಬೆಳಗಿನ ನಮಾಜಿನ ಹೊತ್ತಿನ ಜಗಳ ಕಡೆಗೂ ಮುಗಿಯಿತು! ಮಸೀದಿಯ ವೇಳಾಪಟ್ಟಿ ಸೂರ್ಯ ದಿಗಂತಕ್ಕಿಂತ ಹದಿನೆಂಟು ಡಿಗ್ರಿ ಕೆಳಗಿರುವಾಗಲೇ ಅಜಾನ್ ಕೊಡಿಸುತ್ತಿತ್ತಲ್ಲ, ಆಗಿನ್ನೂ ಬೆಳಕು ಹರಿದಿರುವುದಿಲ್ಲ, ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಬಾಕಿ ಇರುತ್ತದೆ ಎಂದು ನೀನು ಎಷ್ಟು ವರ್ಷದಿಂದ ವಾದಿಸುತ್ತಿದ್ದೆ. ರಂಜಾನಿಗೆ ಮುಂಚೆ ಇದು ತೀರ್ಮಾನವಾಗಲೇಬೇಕೆಂದು ಹೊಸ ಇಮಾಮ್ ಫಿರ್ದೌಸ್ ಪಟ್ಟು ಹಿಡಿದ. ಎರಡು ಸಲ ಸಭೆ ಸೇರಿದಾಗಲೂ, "ನಮ್ಮವಳು ಬರಲಿ, ಅವಳೇ ಕಣ್ಣಾರೆ ನೋಡಿ ಹೇಳಲಿ" ಎಂದು ನಾನೇ ಮುಂದೂಡಿಸಿದೆ.

"ಅತ್ತಿಗೆ ಬರೋ ತನಕ ಸೂರ್ಯನೂ ಕಾಯ್ಬೇಕೇನೋ?" ಎಂದು ಹಾಜಿ ಬುರ್ಹಾನ್ ಕಾಲೆಳೆದ.

"ಮೂವತ್ತೆಂಟು ವರ್ಷದಿಂದ ನಾನೇ ಕಾಯ್ತಿದೀನಿ, ಸೂರ್ಯ ಯಾವ ಲೆಕ್ಕ?" ಅಂದೆ.

ಮೂರನೆಯ ಸಲ ಮಾತ್ರ, "ಕಾಯೋದು ಬೇಡ, ಹೊರಡೋಣ" ಅಂದವನೂ ನಾನೇ. ನಿನಗೆ ಕೋಪ ಬರುತ್ತದೆ, ಗೊತ್ತು.

ಊರಿನ ದೀಪಗಳು ಕಾಣದಿರಲೆಂದು ಹಿನ್ನೀರು ದಾಟಿ ದಕ್ಷಿಣದ ದ್ವೀಪಕ್ಕೆ ಹೋಗಿ, ಅಮಾವಾಸ್ಯೆಯ ಆಸುಪಾಸಿನಲ್ಲಿ ಅಲ್ಲೇ ತಂಗಿದೆವು. ಫಿರ್ದೌಸನ ಬಳಿ ಆಕಾಶದ ಬೆಳಕು ಅಳೆಯುವ ಯಂತ್ರವಿತ್ತು. "ಅಜ್ಜ, ಬೆಳಕು ಕಂಡ ತಕ್ಷಣ ಹೇಳಿ. ಆ ಹೊತ್ತಿಗೆ ಸೂರ್ಯ ಎಷ್ಟು ಕೆಳಗಿದ್ದ ಅಂತ ಲೆಕ್ಕ ನಾನು ಹಾಕ್ತೀನಿ" ಅಂದ.

ಮೊದಲು ಪೂರ್ವದಲ್ಲಿ ಸುಳ್ಳು ಬೆಳಗು ನೆಟ್ಟಗೆ ಮೇಲಕ್ಕೆದ್ದಿತು. ಬುರ್ಹಾನ್ "ಬಂತು, ಬಂತು!" ಎಂದು ಕುಣಿದ. ನನಗೆ ನಿನ್ನಪ್ಪ ನೆನಪಾದರು. ಮಸೀದಿಯಲ್ಲಿ ಅಜಾನ್ ಕೊಡುತ್ತಿದ್ದ ಅವರು ನಿನ್ನನ್ನು ಕಡಲ ದಂಡೆಯಲ್ಲಿ ನಿಲ್ಲಿಸಿ, "ನಿಂತ ಬೆಳಕು ಸುಳ್ಳು, ಮಲಗಿದ ಬೆಳಕು ನಿಜ. ಮಲಗಿದ ಮೇಲೇ ಬಂದು ಹೇಳು ಮಗಳೇ" ಅನ್ನುತ್ತಿದ್ದರು. ನೀನು ಉಟ್ಟ ಸರೋಂಗ್ ಎತ್ತಿ ಹಿಡಿದು ಓಡುತ್ತಿದ್ದೆ. ಏಡಿ ಹಿಡಿಯುವ ನೆಪದಲ್ಲಿ ಬರುತ್ತಿದ್ದ ನಾನು ಒಂದು ದಿನವೂ ಪೂರ್ವಕ್ಕೆ ನೋಡಲಿಲ್ಲ, ನಿನ್ನನ್ನೇ ನೋಡುತ್ತಿದ್ದೆ. ಆ ದಿನಗಳು ಎಷ್ಟು ಚೆನ್ನಾಗಿದ್ದವು!

ಆಮೇಲೆ ನಿಜವಾದ ಬೆಳಕು ದಿಗಂತದ ಉದ್ದಕ್ಕೂ ತೆಳ್ಳಗೆ ಹರಡಿತು. ನಮ್ಮ ಕಣ್ಣು, ಅವನ ಯಂತ್ರ, ಸೂರ್ಯನ ಲೆಕ್ಕ ಎಲ್ಲ ಸೇರಿಸಿ ನೋಡಿದರೆ ಅಜಾನ್ ಬೇಗ ಆಗುತ್ತಿದ್ದುದು ಹೌದು. ಆದರೆ ನೀನು ಹೇಳಿದಂತೆ ಒಂದು ಕಪ್ ಅಲ್ಲ, ಅರ್ಧ ಕಪ್. "ಅಜ್ಜಿ ಅರ್ಧ ಗೆದ್ರು, ನಾನರ್ಧ" ಎಂದು ನಗುತ್ತಲೇ ಫಿರ್ದೌಸ್ ಹೊಸ ಪಟ್ಟಿ ಅಂಟಿಸಿದ್ದಾನೆ.

ಅಲ್ಲಾಹನು ನಿನಗೂ ನೂರ್ಮಾಳ ಸಂಸಾರಕ್ಕೂ ನೆಮ್ಮದಿ ಕೊಡಲಿ. ಊಟದಲ್ಲಿ ಉಪ್ಪು ಕಡಿಮೆ ಮಾಡು.

ನಿನ್ನ,
ನೂರ್ಮಾಳ ಅಪ್ಪ

ತಾ.ಕ.: ನೂರ್ಮಾ, ಈ ಪತ್ರ ಓದಿ ಹೇಳುತ್ತಿರುವವಳು ನೀನೇ ಎಂದು ಗೊತ್ತು ಮಗಳೇ. ಇದನ್ನು ಹಾರಿಸಬೇಡ.

ನೂರ್ಮಾಳ ಅಮ್ಮ, ಕಳೆದ ತಿಂಗಳು ವಿಡಿಯೊ ಕಾಲ್‌ನಲ್ಲಿ, "ಗಡ್ಡ ಚೆನ್ನಾಗಿ ಬಾಚ್ಕೊಂಡಿದ್ದೀರಲ್ರೀ" ಎಂದೆಯಲ್ಲ? ಆಗ ನನ್ನ ಫೋನು ಮೇಜಿನ ಮೇಲೆ ಮಲಗಿ ಛಾವಣಿ ತೋರಿಸುತ್ತಿತ್ತು. ನಿನ್ನ ಕಣ್ಣು ಹೋಗಿದೆ ಎಂದು ಅವತ್ತೇ ತಿಳಿಯಿತು. ಫೋನಿಟ್ಟು ತುಂಬ ಅತ್ತೆ. ನೀನು ಇವರೆಲ್ಲರ ಎದುರು ದಿಗಂತಕ್ಕೆ ಮುಖ ಮಾಡಿ ಏನೋ ಕಂಡಂತೆ ನಟಿಸುವ ಹಾಗಾಗಬಾರದೆಂದೇ ಸಭೆಯಲ್ಲಿ ಕಾಯುವುದು ಬೇಡ ಅಂದೆ.

ಮುಚ್ಚಿಟ್ಟದ್ದಕ್ಕೆ ಸಿಟ್ಟಿಲ್ಲ. ಪೈಗಂಬರರ ಕಾಲದಲ್ಲಿ ಬೆಳಗಿನ ಅಜಾನ್ ಕೊಡುತ್ತಿದ್ದವರೊಬ್ಬರು ಕುರುಡರೇ ಅಲ್ಲವೇ? ಜನ "ಬೆಳಗಾಯಿತು" ಎಂದ ಮೇಲೆ ಅವರು ಕೂಗುತ್ತಿದ್ದರು. ಟಿಕೆಟ್ ಆಗಿದೆ, ರಂಜಾನಿಗೆ ಅಲ್ಲಿರುತ್ತೇನೆ. ದಿನಾ ನಿನ್ನ ಪಕ್ಕ ಕೂತು ಬೆಳಗಾಯಿತು ಎಂದು ನಾನು ಹೇಳುತ್ತೇನೆ. "ನಿಮಗೆ ಸರಿಯಾಗಿ ನೋಡಲು ಬರುವುದಿಲ್ಲ" ಎಂದು ಬೈಯುತ್ತಲೇ ನಂಬು.