ಹನ್ನೆರಡು ಖಾಲಿ ಡಿಸ್ಕುಗಳು

ದೇಶಪಾಂಡೆ ನಗರ, ಹುಬ್ಬಳ್ಳಿ
೧೧ ಫೆಬ್ರುವರಿ ೨೦೨೫, ಮಂಗಳವಾರ

ಶ್ರೀಮತ್ ಸಮಸ್ತ ಚಕ್ರಮಂಡಲಾಧೀಶ್ವರ, ಪಶ್ಚಿಮ ಸಮುದ್ರತೀರ ವಿಹಾರಿ, ಪ್ಲಾಸ್ಟಿಕ್ ಪ್ರಪಂಚ ಪರಮೇಶ್ವರ, ಮಾರ್ಕರ್ ಪೆನ್ನಿನ ಮುಚ್ಚಳ ಯಾವ ತುದಿಗಿದೆ ಎಂದು ಇನ್ನೂ ಸಂಶೋಧನೆಯಲ್ಲಿ ತೊಡಗಿರುವ ಚಿತ್ರಕಲಾ ಚಕ್ರವರ್ತಿ, ಶ್ರೀ ಶ್ರೀ ಶ್ರೀ ಅಂಬರೀಷ ಮಹಾಸ್ವಾಮಿಗಳ ದಿವ್ಯ ಸನ್ನಿಧಾನಕ್ಕೆ, ಅವರ ಏಕಮಾತ್ರ ತಂಗಿಯೂ ಪಾದಧೂಳಿಯೂ ಆದ ಸ್ನೇಹಲ್ ಅಡ್ಡಬಿದ್ದು, ಎದ್ದು, ಮೊಣಕಾಲು ಝಾಡಿಸಿಕೊಂಡು ಮಾಡುವ ಬಿನ್ನಹ.

ಅಣ್ಣಾ, ಆರಾಮ ಇದ್ದೀಯಾ? ಆಟದ ಪ್ಲಾಸ್ಟಿಕ್ ಡಿಸ್ಕ್ ದೂರ ಒಗೆದು ಒಗೆದು ಬಲಭುಜ ಹಿಡಿದಿದೆ ಎಂದಿದ್ದೆಯಲ್ಲ, ಹೇಗಿದೆ? ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ ಎಂದು ಅವ್ವ ಹೇಳಿದ್ದಾಳೆ. ಬಿಸಿಲಿಗೆ ಟೊಪ್ಪಿಗೆ ಹಾಕಿಕೋ ಎಂದೂ ಹೇಳಿದ್ದಾಳೆ. ಕಲಾವಿದರು ಕರ್ರಗಾದರೆ ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲವಂತೆ. ಇಲ್ಲಿ ಸಾವಂತ್ರೆವ್ವ ಅಜ್ಜಿ ಕಣ್ಣಿನ ಆಪರೇಶನ್ನಿಗೆ ಮುಗದ ಹಳ್ಳಿಯಿಂದ ಬಂದವಳು ಇನ್ನೂ ಇಲ್ಲೇ ಇದ್ದಾಳೆ. ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ಕೂತರೆ ಥೇಟ್ ಸಿಐಡಿ. ಹಾಲಿನವನು ನೀರು ಬೆರೆಸುವುದನ್ನು ಬಿಟ್ಟಿದ್ದಾನೆ. ಅಪ್ಪನ ಸುದ್ದಿ ಆಮೇಲೆ ಹೇಳುತ್ತೇನೆ. ಫೋನ್ ಬಿಟ್ಟು ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನಾನು ಸಿಟ್ಟಾದ ಕೂಡಲೇ ನಿನಗೆ ನೆಟ್‌ವರ್ಕ್ ಹೋಗುತ್ತದೆ. ಕಾಗದಕ್ಕೆ ಆ ರೋಗವಿಲ್ಲ.

ಶನಿವಾರ ಬಸ್ಸಿನಲ್ಲಿ ನೀನು ಕಳಿಸಿದ ಚೀಲ ಬಂತು. ಹನ್ನೆರಡು ಬಿಳಿ ಡಿಸ್ಕು, ಜೊತೆಗೊಂದು ಚೀಟಿ. ನಿನ್ನ ರೆಸಾರ್ಟಿನ ಮಾಲಕ ಬರುವ ಭಾನುವಾರ ಆಟದ ನಂತರ ಕುರ್ಚಿ ಹಾಕಿಸಿ, ಜನರನ್ನು ಕೂಡಿಸಿ, ನೀನು ಅವರ ಎದುರೇ ಡಿಸ್ಕಿನ ಮೇಲೆ ಚಿತ್ರ ತೆಗೆಯುವ ಕಾರ್ಯಕ್ರಮ ಇಟ್ಟಿದ್ದಾನೆ. ಆದ್ದರಿಂದ ನಾನು ಎಲ್ಲದರ ಮೇಲೂ ಪೆನ್ಸಿಲ್ಲಿನಲ್ಲಿ ತೆಳ್ಳಗೆ ಗೆರೆ ಹಾಕಿ ಕಳಿಸಬೇಕು, ಮೊದಲ ಸಾಲಿನವರಿಗೂ ಕಾಣಬಾರದು, ಆದರೆ ನಿನಗೆ ಕಾಣಬೇಕು. ಈ ಚೀಟಿಯನ್ನು ಮೂರು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೇ ಸಲವೂ ನಕ್ಕೆ, ಆದರೆ ಅಜ್ಜಿ ಕನ್ನಡಕ ಏರಿಸಿ, "ಯಾಕವಾ, ಅಳಾಕತ್ತೀ ಏನು?" ಎಂದು ಕೇಳಿದಳು. ಮೂರನೇ ಸಲ ಮಾಳಿಗೆಯ ಮೇಲೆ ಹೋಗಿ ಓದಿದೆ.

ಈ ಮಹಾಚರಿತ್ರೆಯ ಆರಂಭ ನಿನಗೆ ಮರೆತಿರಬಹುದು, ದೊಡ್ಡವರಿಗೆ ಮರೆವು ಸಹಜ. ಧಾರವಾಡದ ಕಾಲೇಜಿನಲ್ಲಿ ಗುರುಶಿದ್ದಪ್ಪ ಸರ್ ಎಲ್ಲಿಂದಲೋ ನಾಲ್ಕು ಕಬ್ಬಿಣದ ಬುಟ್ಟಿ ತಂದು ಮೈದಾನದಲ್ಲಿ ನಿಲ್ಲಿಸಿದ್ದರು. ಸರಪಳಿ ಜೋತುಬಿಟ್ಟ ಬುಟ್ಟಿ. ತಟ್ಟೆಯಂಥ ಡಿಸ್ಕನ್ನು ದೂರದಿಂದ ಒಗೆದು ಅದರಲ್ಲಿ ಬೀಳಿಸುವುದೇ ಆಟ. ನೀನು ಒಗೆದದ್ದು ಬುಟ್ಟಿ ಬಿಟ್ಟು ಎಲ್ಲ ಕಡೆ ಬೀಳುತ್ತಿತ್ತು. "ಏ ಅಂಬ್ಯಾ, ಬುಟ್ಟಿ ಅಲ್ಲೈತಲೇ! ನೀ ಬೇಲೀನ ಮದುವಿ ಆಗೀಯೇನು?" ಎಂದು ಸರ್ ಕೂಗುತ್ತಿದ್ದರು. ಮುಳ್ಳಿನಲ್ಲಿ ಕಳೆದ ಬಿಳಿ ಡಿಸ್ಕು ಕಣ್ಣಿಗೆ ಬೀಳಲೆಂದು ನಾನು ಅದರ ಮೇಲೆ ಅಜ್ಜಿಯ ಸೆರಗಿನ ಕಸೂತಿ ನವಿಲನ್ನು ಮಾರ್ಕರಿನಲ್ಲಿ ತೆಗೆದುಕೊಟ್ಟೆ. ಸಿಕ್ಕವರು ಫೋನ್ ಮಾಡಲೆಂದು ಕೆಳಗೆ ನಿನ್ನ ಹೆಸರು, ನಂಬರು ಬರೆದೆ. ಆ ಆಟದಲ್ಲಿ ಡಿಸ್ಕಿನ ಮೇಲಿನ ಹೆಸರೆಂದರೆ ಅದರ ಧಣಿಯ ಹೆಸರು, ಅಷ್ಟೇ. ಆದರೆ ನಮ್ಮದು ಬೋರ್ಡು ಬರೆಯುವವರ ಮನೆ. ನಮ್ಮಲ್ಲಿ ಕೆಳಗಿನ ಮೂಲೆಯ ಹೆಸರೆಂದರೆ ಬರೆದವನ ಹೆಸರು. ಅಪ್ಪ ಆ ಡಿಸ್ಕನ್ನು ಎತ್ತಿ, ಮೊದಲು ನೋಡಿದ್ದು ನವಿಲನ್ನಲ್ಲ, ಕೆಳಗಿದ್ದ ನಿನ್ನ ಹೆಸರನ್ನು. ಒಂದು ತಿಂಗಳಾದ ಮೇಲೆ ಆಡಲು ಬಂದಿದ್ದ ಗೋವಾದ ಮನುಷ್ಯನಿಗೆ ಅದೇ ಡಿಸ್ಕು ಬೇಲಿಯಲ್ಲಿ ಸಿಕ್ಕಿತು. ಅವನು ಫೋನ್ ಮಾಡಿ ಈ ಚಿತ್ರ ತೆಗೆದವರು ನೀವೇ ಏನು ಎಂದು ಕೇಳಿದಾಗ ನೀನು ನನ್ನ ಪಕ್ಕದಲ್ಲೇ ಕೂತು ಗಿರಮಿಟ್ ತಿನ್ನುತ್ತಿದ್ದೆ. "ಹೌದ್ರಿ" ಎಂದೆ. ಬಾಯಲ್ಲಿ ಚುರುಮುರಿ ಇಟ್ಟುಕೊಂಡು ಹೇಳಿದ ಆ ಒಂದು ಮಾತಿನ ಮೇಲೆ ನಿನಗೆ ಸಮುದ್ರದ ದಂಡೆ, ಕೋಚ್ ಎಂಬ ನೌಕರಿ, ಬೆನ್ನ ಮೇಲೆ ಹೆಸರಿರುವ ಟೀಶರ್ಟು ಎಲ್ಲ ಬಂದವು. ನಾನೂ ಅವತ್ತು ನಕ್ಕಿದ್ದೆ, ಸುಳ್ಳೇಕೆ. ಇಷ್ಟು ಉದ್ದದ ಚೇಷ್ಟೆಯಾಗುತ್ತದೆ ಎಂದು ತಿಳಿದಿರಲಿಲ್ಲ.

ಎರಡು ವರ್ಷದಿಂದ ತಿಂಗಳಿಗೊಂದು ಚೀಲ. ಅಪ್ಪ ಮಧ್ಯಾಹ್ನ ಅಂಗಡಿಯಲ್ಲಿರುವಾಗ ನಾನು ಮಾಳಿಗೆಯಲ್ಲಿ. ಹಳೇ ಬನಿಯನ್ನಿನ ಅರಿವೆಗೆ ಸ್ಪಿರಿಟ್ ಹಾಕಿ ಡಿಸ್ಕನ್ನು ಒರೆಸಬೇಕು, ಇಲ್ಲವಾದರೆ ಕೈಯ ಜಿಡ್ಡಿನ ಮೇಲೆ ಮಸಿ ನಿಲ್ಲುವುದಿಲ್ಲ. ಮೊದಲು ಹಳದಿ, ಆಮೇಲೆ ಕೆಂಪು, ಹಸಿರು, ಕಡೆಗೆ ಕಪ್ಪು. ಒಣಗದ ಕಪ್ಪಿಗೆ ಹಳದಿ ಪೆನ್ನು ತಾಗಿದರೆ ಪೆನ್ನಿನ ಬಾಯಿ ಹೊಲಸಾಗಿ ಅದರ ಜನ್ಮ ಮುಗಿಯಿತು. ಕಪ್ಪು ಗೆರೆ ಎಳೆಯುವಾಗ ಉಸಿರು ಬಿಡುವಂತಿಲ್ಲ. ಭಾನುವಾರ ಜನರೆದುರು ಇದನ್ನೆಲ್ಲ ವಿವರಿಸಲು ನಿನಗೆ ಬೇಕಾಗಬಹುದು, ಬರೆದುಕೋ. ಹೋದ ತಿಂಗಳಿನ ವಿಡಿಯೋದಲ್ಲಿ ಈ ಆಕಾರಗಳು ತಮಗೆ ಕನಸಿನಲ್ಲಿ ಬರುತ್ತವೆ ಎಂದು ಅಪ್ಪಣೆ ಕೊಡಿಸಿದಿರಿ. ಮಹಾಸ್ವಾಮಿ, ಅಜ್ಜಿಯ ಸೀರೆಯನ್ನು ಹೊದ್ದು ಮಲಗಿದ್ದಿರೇನು?

ಈಗ ಅಪ್ಪನ ಸುದ್ದಿ. ಆ ವಿಡಿಯೋವನ್ನು ಅಪ್ಪ ಎಷ್ಟು ಸಲ ನೋಡಿದ್ದಾನೋ ದೇವರೇ ಬಲ್ಲ. ಚಹಾದಂಗಡಿಯಲ್ಲಿ ಮಲ್ಲಿಕಸಾಬ ಕಾಕಾನಿಗೆ ತೋರಿಸುತ್ತ ಹೇಳಿದ: "ಕರೇ ಗೆರಿ ನೋಡ್ರಿ, ಎಲ್ಲೂ ತಡದಿಲ್ಲ. ಒಂದ ಉಸಿರಿನ್ಯಾಗ ಎಳದಾನ. ನನ್ನ ಕೈ ನನ್ನ ಕೂಡನ ಮುಗೀತು ಅಂದ್ಕೊಂಡಿದ್ದೆ. ಇಲ್ರಿ, ಮಗಗ ಬಂದೈತಿ." ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋದ ನಾನು ಅಲ್ಲೇ ನಿಂತಿದ್ದೆ. ಹಿಂದೆ ಫ್ಲೆಕ್ಸ್ ಬಂದು ಬೋರ್ಡಿನಂಗಡಿ ಕುಂಟತೊಡಗಿದಾಗಲೂ ಅಪ್ಪನ ಮುಖ ಕೆಟ್ಟಿರಲಿಲ್ಲ. ನಿನಗೆ ಕುಂಚ ಕೊಟ್ಟು 'ಅ' ಬರೆಸಿ, ಅದು ಸತ್ತ ಹಲ್ಲಿಯ ಹಾಗೆ ಬಂದ ದಿನ ಕೆಟ್ಟಿತ್ತು. ನನಗೂ ಒಂದು ಕುಂಚ ಕೊಡು ಎಂದು ಅವತ್ತು ಕೇಳಿದ್ದೆ. "ಹುಡಿಗ್ಯಾರು ನಿಚ್ಚಣಿಕಿ ಏರಿ ಬೋರ್ಡ್ ಬರದ್ರ ಮಂದಿ ಬೋರ್ಡ್ ನೋಡ್ತಾರೇನು?" ಎಂದ. ಡಿಸ್ಕಿಗೆ ನಿಚ್ಚಣಿಕೆ ಬೇಡ, ಅಣ್ಣಾ. ತೊಡೆಯ ಮೇಲಿಟ್ಟುಕೊಂಡರೆ ಆಯಿತು.

ನಿನ್ನ ಕಾರ್ಯಕ್ರಮಕ್ಕೆ ಅಪ್ಪ ಬರುತ್ತಿದ್ದಾನೆ. ನಿನಗೆ ಹೇಳಬಾರದು, ಎದುರು ಬಂದು ನಿಂತು ಬೆರಗು ಮಾಡಬೇಕು ಎಂದು ಎಲ್ಲರಿಗೂ ತಾಕೀತು ಮಾಡಿದ್ದಾನೆ. ಶನಿವಾರದ ಬಸ್ಸು. ಹೊಸ ಬಿಳಿ ಅಂಗಿ ಹೊಲಿಸಿಕೊಂಡಿದ್ದಾನೆ. ಮೊದಲ ಸಾಲಿನಲ್ಲಿ ಕೂರುತ್ತಾನಂತೆ. ನಲವತ್ತು ವರ್ಷ ಗೆರೆ ಎಳೆದ ಕಣ್ಣು ಅದು. ನೀನು ಪೆನ್ನು ಹಿಡಿಯುವುದನ್ನು ನೋಡಿದರೆ ಸಾಕು, ಗೆರೆಯ ತನಕ ಹೋಗುವುದೇ ಬೇಡ. ಅವ್ವನಿಗೆ ಎಲ್ಲ ಗೊತ್ತು. ಕೇಳಿದರೆ, "ಯಾರ ಹೆಸರಾದ್ರೇನವಾ, ಮನಿ ಹೆಸರು ಬಂತಲ್ಲ" ಎನ್ನುತ್ತಾಳೆ. ಮನೆಗೆ ಹೆಸರು ಬಂದಿದೆ, ನಿಜ. ಮನೆಯಲ್ಲಿರುವ ಒಬ್ಬಳಿಗೆ ಮಾತ್ರ ಬಂದಿಲ್ಲ.

ನನ್ನ ಮಾತನ್ನು ಈ ಮನೆಯಲ್ಲಿ ಯಾರೂ ನಂಬುವುದಿಲ್ಲ ಎಂಬ ಧೈರ್ಯ ನಿನಗಿದೆ. ಇರಬೇಕಾದದ್ದೇ. ಹೋದ ವರ್ಷ ನಾನು ಓಣಿಯ ಕಂಬಕ್ಕೆ 'ನಾಯಿಗಳ ಗಣತಿ, ಪ್ರತಿ ನಾಯಿಯೂ ಖುದ್ದಾಗಿ ಹಾಜರಿರತಕ್ಕದ್ದು' ಎಂದು ಸೀಲು ಸಮೇತ ನೋಟೀಸು ಅಂಟಿಸಿದಾಗ, ನಮ್ಮ ನಾಯಿ ರಾಜ್ಯಾನನ್ನು ಹಿಡಿದುಕೊಂಡು ಬಿಸಿಲಲ್ಲಿ ಒಂದು ತಾಸು ನಿಂತವನು ಅಪ್ಪನೇ. ಅಂದಿನಿಂದ ಮಳೆ ಬಂತು ಎಂದು ನಾನು ಹೇಳಿದರೂ ಅವ್ವನ ಮುಖ ನೋಡಿ ಖಾತ್ರಿ ಮಾಡಿಕೊಂಡೇ ಬಟ್ಟೆ ತೆಗೆಯಲು ಏಳುತ್ತಾನೆ. ಆದರೆ ಈ ಸಲ ನನ್ನ ಕೈ ಇದೆ. ಕೈ ಸುಳ್ಳು ಹೇಳುವುದಿಲ್ಲ.

ಆದ್ದರಿಂದ ಆಜ್ಞೆ ಹೀಗಿದೆ. ಈ ಚೀಲದಲ್ಲಿ ಹನ್ನೆರಡು ಡಿಸ್ಕುಗಳಿವೆ, ಹನ್ನೆರಡೂ ಖಾಲಿ. ಒಂದು ಚುಕ್ಕೆಯನ್ನೂ ಇಟ್ಟಿಲ್ಲ. ಶುಕ್ರವಾರ ಸಂಜೆಯೊಳಗೆ ನೀನೇ ಅಪ್ಪನಿಗೆ ಫೋನ್ ಮಾಡಿ, ತೆಗೆದವಳು ಸ್ನೇಹಲ್ ಎಂದು ಹೇಳು. ಹೇಳದಿದ್ದರೆ ಬಸ್ಸು ಬಿಡುವ ಮೊದಲು ನಾನು ಹೇಳುತ್ತೇನೆ. ಅಪ್ಪ ಅತ್ತರೆ ಅಳಲಿ, ಹೊಸ ಅಂಗಿ ಹಾಕಿಕೊಂಡು ನೂರಾರು ಜನರ ನಡುವೆ ಅಳುವುದಕ್ಕಿಂತ ಮನೆಯಲ್ಲಿ ಅತ್ತರೆ ಮಾನ ಉಳಿಯುತ್ತದೆ. ನನಗೆ ಆ ರೆಸಾರ್ಟು ಬೇಡ, ಟೀಶರ್ಟು ಬೇಡ, ನಿನ್ನ ನೌಕರಿಯೂ ಬೇಡ. ಚಹಾದಂಗಡಿಯಲ್ಲಿ ಅಪ್ಪ ಆಡಿದ ಮಾತಿನಲ್ಲಿ ಮಗ ಎಂಬಲ್ಲಿ ಮಗಳು ಎಂದು ಒಂದು ಸಲ, ಒಂದೇ ಸಲ, ಕೇಳಬೇಕು.

ಅಜ್ಜಿಯ ಆಶೀರ್ವಾದ, ಅವ್ವನ ಎಳ್ಳೆಣ್ಣೆ, ರಾಜ್ಯಾನ ಒಂದು ಬೊಗಳು, ನನ್ನ ಕಡೆಯಿಂದ ಸದ್ಯಕ್ಕೆ ಏನೂ ಇಲ್ಲ. ಭುಜ ನೋಡಿಕೋ.

ಇತಿ, ತಮ್ಮ ಬಲಗೈ,
ಸ್ನೇಹಲ್

ತಾ.ಕ.: ಬಸ್ಸಿನ ಹೊತ್ತಾಯಿತು, ಲಗೂ ಬರೆಯುತ್ತಿದ್ದೇನೆ. ಮೇಲಿನ ಆಜ್ಞೆ ಬರೇ ಜಂಬ, ಡಿಸ್ಕುಗಳು ಖಾಲಿ ಅಲ್ಲ. ಬೆಳಕಿಗೆ ಓರೆಯಾಗಿ ಹಿಡಿ, ಪೆನ್ಸಿಲ್ ಗೆರೆ ಕಾಣುತ್ತದೆ, ಸಾವಕಾಶ ಎಳೆ, ಅಪ್ಪ ಮೊದಲ ಸಾಲಿನಲ್ಲಿ ಇದ್ದೇ ಇರುತ್ತಾನೆ. ನಾನು ಮೊನ್ನೆ ಭಾನುವಾರವೇ ಅಪ್ಪನಿಗೆ ಹೇಳಿಬಿಟ್ಟಿದ್ದೇನೆ. ಅಪ್ಪ ಅವ್ವನ ಮುಖ ನೋಡಿದ. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಆಮೇಲೆ ಅಪ್ಪ ತಾನೇ ಒಂದು ಡಿಸ್ಕು, ಕಪ್ಪು ಪೆನ್ನು ತಂದು ನನ್ನ ಮುಂದಿಟ್ಟು, "ಹಂಗಾರ ತಗಿ, ನೋಡೂಣು" ಎಂದ. ಎದುರು ಕೂತ. ನನ್ನ ಕೈ ನಡುಗಿತು, ಅಣ್ಣಾ. ಎರಡು ವರ್ಷದಲ್ಲಿ ಒಮ್ಮೆಯೂ ನಡುಗಿರಲಿಲ್ಲ. ನವಿಲಿನ ಕುತ್ತಿಗೆ ಮೂರು ಕಡೆ ಮುರಿಯಿತು. ಅಪ್ಪ ಬೈಯಲಿಲ್ಲ, ನಗಲೂ ಇಲ್ಲ. ಒರೆಸಿಬಿಡು ಎಂಬಂತೆ ಸ್ಪಿರಿಟ್ ಬಾಟಲಿಯನ್ನು ನನ್ನ ಕಡೆ ಸರಿಸಿ ಎದ್ದು ಹೋದ.